ಮಡಿಲು ಬ್ಯಾಗಲ್ಲ

ಮೊನ್ನೆ ಅಕ್ಕನ ಮಗಳು ತನ್ನ ಸ್ಕೂಲಿನ ನೃತ್ಯ ಕಾರ್ಯಕ್ರಮದ ಪಾಸೊಂದನ್ನು ತಂದು ನನ್ನ ಕೈಗಿಟ್ಟಳು. ಹಾಸನದ ದೊಡ್ಡ ಮೈದಾನದಲ್ಲಂತೆ, ಹತ್ತಾರು ಶಾಲೆಯ ಮಕ್ಕಳು ಒಟ್ಟಿಗೆ ಕುಣಿಯುತ್ತಾರಂತೆ. ಪಾಸಿನ ಮುಂಭಾಗದಲ್ಲಿ ಉದ್ಘಾಟಿಸುವವರು, ಅಧ್ಯಕ್ಷತೆ ವಹಿಸುವವರು, ಘನ ಉಪಸ್ಥಿತಿಯವರು, ಬರಿದೇ ಉಪಸ್ಥಿತಿಯವರು ಎಲ್ಲ ತುಂಬಿಕೊಂಡು ಕುಣಿಯುವ ಮಕ್ಕಳಿಗೆ ಒಂದು ಸಾಲಿನ ಜಾಗವೂ ಉಳಿದಿರಲಿಲ್ಲ. ಹಿಂಭಾಗದಲ್ಲಿ ಸೂಚನೆಗಳಿದ್ದವು. ಬ್ಯಾಗ್ ತರುವಂತಿಲ್ಲ, ತರಲೇಬೇಕೆಂದಿದ್ದರೆ ಪಾರದರ್ಶಕವಾದ ಚೀಲವನ್ನು ಮಾತ್ರ ತರತಕ್ಕದ್ದು.

‘ಪಾರದರ್ಶಕ ಅಂದ್ರೇನು ಚಿಕ್ಕಮ್ಮ?’ ಎಂದು ಹುಡುಗಿ ಕೇಳಿದಳು. ಇಷ್ಟು ವರ್ಷ ಕನ್ನಡ ಪಾಠ ಮಾಡಿಕೊಂಡು ಬಂದವಳು ನಾನು. ಅರ್ಥ ಹೇಳಲು ಬಾಯಿ ತೆರೆದವಳು ಹಾಗೆಯೇ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯತ್ತ ಬೆರಳು ತೋರಿಸಿದೆ. ಅಲ್ಲಿ ಹಸಿರು ಹಳದಿ ವೈರಿನ ಬ್ಯಾಗು ನೇತಾಡುತ್ತಿತ್ತು. ಒಂದು ಕಾಲದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಗಂಡಿಗಾಗಿ ಕಾಯುತ್ತಿದ್ದ ಹುಡುಗಿಯರೆಲ್ಲ ಪ್ಲಾಸ್ಟಿಕ್ ವೈರಿನಿಂದ ಹೆಣೆಯುತ್ತಿದ್ದರಲ್ಲ, ಅಂಥದು. ಅಕ್ಕ ಗಿರಿಜ ಹೆಣೆದದ್ದು. ಮೈಯೆಲ್ಲ ತೂತು. ಒಳಗೆ ಬದನೆಕಾಯಿಯೋ ಬೆಂಡೆಕಾಯಿಯೋ ಎಂಬುದು ಎದುರು ಬೀದಿಯವರಿಗೂ ತಿಳಿಯುತ್ತಿತ್ತು. ಅಷ್ಟು ಪಾರದರ್ಶಕವಾದ ಆ ಬ್ಯಾಗನ್ನೇ ಒಂದು ದಿನ ಹಳೇಬೀಡಿನಲ್ಲಿ, ಭದ್ರತೆಯ ದೃಷ್ಟಿಯಿಂದ, ಹೊರಗಿರಿಸಿದ್ದೆ. ಇರಿಸಿದವಳು ನಾನೇ, ಬ್ಯಾಗು ತಂದವಳು ನಮ್ಮವ್ವ.

ಅದನ್ನು ಹೇಳುವ ಮುಂಚೆ ನಮ್ಮ ಸೀಮೆಯ ಚೀಲಗಳ ವಿಚಾರ ಸ್ವಲ್ಪ ಹೇಳಬೇಕು. ಹಾರನಹಳ್ಳಿಯಿಂದ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಬರಿಗೈ ಬೀಸಿಕೊಂಡು ಹತ್ತಿದವನನ್ನು ಜನ ತಿರುಗಿ ನೋಡುತ್ತಿದ್ದರು. ಅಂಥವನು ಒಂದೋ ಹೆಂಡತಿಯ ಜೊತೆ ಜಗಳವಾಡಿ ಹೊರಟವನು, ಇಲ್ಲವೇ ಚುನಾವಣೆಗೆ ನಿಂತವನು. ಉಳಿದವರಿಗೆಲ್ಲ ಒಂದೊಂದು ಚೀಲವಿತ್ತು. ನಮ್ಮಪ್ಪನ ಕೈಚೀಲವನ್ನು ಟೈಲರು ಅಪ್ಪನ ಪ್ಯಾಂಟಿನ ಬಟ್ಟೆಯಲ್ಲಿ ಉಳಿದದ್ದರಿಂದಲೇ ಹೊಲಿಯುತ್ತಿದ್ದ. ಅಪ್ಪ ಚೀಲ ಹಿಡಿದು ನಿಂತರೆ ಕಾಲು ಮೂರಿದ್ದಂತೆ ಕಾಣುತ್ತಿತ್ತು. ಅಜ್ಜಿಯ ಎಲೆಯಡಿಕೆ ಸಂಚಿಯಲ್ಲಿ ಅರೆಯೊಳಗೊಂದು ಅರೆ. ಅವಳು ತೀರಿಕೊಂಡ ಮೇಲೆ ತೆಗೆದು ನೋಡಿದರೆ ಲವಂಗ, ಯಾವ ಬೀಗಕ್ಕೂ ಹೊಂದದ ಒಂದು ಬೀಗದ ಕೈ, ಮತ್ತು ಎಂದೋ ಬಿದ್ದುಹೋಗಿದ್ದ ಅವಳದೇ ಒಂದು ಹಲ್ಲು ಸಿಕ್ಕವು. ಸೌತೆಬೀಜದ ಹಾಗಿದ್ದ ಆ ಹಲ್ಲಿನ ಮೇಲೆ ಅಜ್ಜಿಗೆ ಏನು ಮಮತೆಯೋ, ಇವತ್ತಿಗೂ ನಮಗೆ ಗೊತ್ತಾಗಿಲ್ಲ.

ಇದೆಲ್ಲಕ್ಕೂ ಬೇರು ಒಂದೇ ಮಾತಿನಲ್ಲಿದೆ. ಹಿರಿಯರು, ಮಕ್ಕಳು, ಬಸುರಿ ಇರುವ ಕಡೆಗೆ ಬರಿಗೈಯಲ್ಲಿ ಹೋಗಬಾರದು. ನಮ್ಮವ್ವ ಓದಿದ ಸಂವಿಧಾನ ಇಷ್ಟೇ. ಆಸ್ಪತ್ರೆಗೆ ಸೂಜಿ ಚುಚ್ಚಿಸಿಕೊಳ್ಳಲು ಹೋದರೂ ನರ್ಸಮ್ಮನಿಗೆಂದು ಎರಡು ಎಳನೀರು ಒಯ್ಯುತ್ತಿದ್ದಳು.

ಇಂಥ ಅವ್ವನಿಗೆ ತನ್ನ ದೊಡ್ಡ ಮಗಳ ಮನೆಗೇ ಹೋಗಲಾಗದ ಕಾಲವೊಂದು ಬಂತು. ಅಕ್ಕನನ್ನು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಕಡೆಗೆ ಕೊಟ್ಟಿದ್ದೆವು. ಮದುವೆಗೆ ವಿಡಿಯೋ ಮಾಡಿಸಿದ್ದೇ ತಪ್ಪಾಯಿತು. ಕ್ಯಾಸೆಟ್ಟು ತಯಾರಾಗಿ ಬಂದಾಗ ನೋಡಿದರೆ ಭಾವನ ಸೋದರಮಾವ, ಅಂದರೆ ಅಕ್ಕನ ಅತ್ತೆಯ ಅಣ್ಣ, ಧಾರೆಯ ಹೊತ್ತಿನಲ್ಲಿ ಉದ್ದಕ್ಕೂ ನಿಂತಿದ್ದರು ನಿಜ, ಆದರೆ ಕ್ಯಾಮೆರಾಕ್ಕೆ ಬೆನ್ನು ಮಾಡಿ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಅವರ ಮುಖ ಒಂದು ಸಲವೂ ಬಂದಿರಲಿಲ್ಲ. ಹೆಣ್ಣಿನ ಕಡೆಯವರು ಬೇಕೆಂದೇ ಹಾಗೆ ಮಾಡಿಸಿದರೆಂದು ಅವರು ತೀರ್ಮಾನಿಸಿದರು. ಆಮೇಲೆ ಹೋಗುವುದಿಲ್ಲ, ಬರುವುದಿಲ್ಲ, ಕರೆಯುವುದಿಲ್ಲ. ಒಂದು ಬೆನ್ನಿನ ದೆಸೆಯಿಂದ ಎರಡು ಮನೆಗಳು ಮುಖ ತಿರುಗಿಸಿದವು. ಅಷ್ಟರಲ್ಲಿ ಅಕ್ಕ ಬಸುರಿಯಾಗಿ ಏಳು ತಿಂಗಳು ತುಂಬಿತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಅದಕ್ಕೆ ಮುಂಚೆ ತವರಿನ ಮಡಿಲಕ್ಕಿ ಬೀಳಬೇಕು. ಅವರು ಕಳಿಸುತ್ತೇವೆ ಎನ್ನಲಿಲ್ಲ, ಅವ್ವ ಹೋಗಿ ಕೇಳುವಂತಿರಲಿಲ್ಲ. ಅವ್ವ ಊಟದ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದಳು, ತುತ್ತು ಎತ್ತುತ್ತಿರಲಿಲ್ಲ. ನನಗೆ ಸಂಕಟವಾಗುತ್ತಿತ್ತು. ಆ ಸೋದರಮಾವನ ಮೇಲೆ ಬರುತ್ತಿದ್ದ ಸಿಟ್ಟನ್ನು ಪಾಪ ಎಂಟನೇ ಕ್ಲಾಸಿನ ಮಕ್ಕಳ ಮೇಲೆ ತೀರಿಸುತ್ತಿದ್ದೆ.

ಆಗ ಬಂತು ಮಹಿಳಾ ಸಮಾವೇಶ. ಹಳೇಬೀಡಿನ ಬಯಲಿಗೆ ಮಂತ್ರಿಗಳು ಬಂದು ಮಹಿಳೆಯರನ್ನು ಮುಂದೆ ತರುತ್ತಾರೆಂದು ಗೊತ್ತಾಯಿತು. ಮುಂದೆ ಬರಬೇಕಾದ ಮಹಿಳೆಯರನ್ನು ಅರಸೀಕೆರೆ, ಬೇಲೂರು ಎರಡೂ ತಾಲ್ಲೂಕುಗಳಿಂದ ಬಸ್ಸು, ಟೆಂಪೋಗಳಲ್ಲಿ ತುಂಬಿ ತರುವುದೆಂದಾಯಿತು. ಒಂದು ಮಧ್ಯಾಹ್ನ ಅಕ್ಕ ಗೆಂಡೆಹಳ್ಳಿಯ ಎಸ್‌ಟಿಡಿ ಬೂತಿನಿಂದ ನಮ್ಮ ಸ್ಕೂಲಿಗೆ ಫೋನು ಮಾಡಿದಳು. ಅತ್ತೆಯ ಜೊತೆ ತಾನೂ ಬರುತ್ತಿದ್ದೇನೆ, ಅವ್ವನಿಗೆ ಹೇಳು ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಅವ್ವ ಅಂದೇ ಅಕ್ಕಿ ಆರಿಸಲು ಕೂತಳು. ಮಹಿಳೆಯರ ಏಳಿಗೆಗೆಂದು ನಡೆದ ಸಭೆಗೆ ಅಷ್ಟು ಶ್ರದ್ಧೆಯಿಂದ ಇನ್ನಾರೂ ತಯಾರಾಗಿರಲಾರರು.

ಇತ್ತ ನನಗೆ ಡ್ಯೂಟಿ ಬಿತ್ತು. ಮೇಷ್ಟರುಗಳು ಅಂದರೆ ಗೊತ್ತಲ್ಲ, ಜನ ಎಣಿಸಲು, ಓಟು ಹಾಕಿಸಲು, ಪೋಲಿಯೋ ಹನಿ ಕುಡಿಸಲು ನಾವೇ, ಸಮಯ ಉಳಿದರೆ ಪಾಠ. ಮಹಿಳಾ ಪೊಲೀಸರು ಸಾಲದೆ ಮಹಿಳೆಯರ ಚೀಲ ತಪಾಸಣೆಗೆ ನಮ್ಮಂಥ ಟೀಚರುಗಳನ್ನು ಹಾಕಿದ್ದರು. ಅದಕ್ಕೊಂದು ತರಬೇತಿಯೂ ಆಯಿತು. ಅದು ತೆಂಗಿಗೆ ನುಸಿರೋಗ ಬಿದ್ದ ಕಾಲ. ಹಿಂದೆಲ್ಲೋ ಒಂದು ಸಭೆಯಲ್ಲಿ ಯಾರೋ ಪರಿಹಾರ ಸಿಗಲಿಲ್ಲವೆಂದು ನುಸಿ ಹಿಡಿದ ಕಾಯಿಯನ್ನು ವೇದಿಕೆಯ ಮೇಲೆ ಉರುಳಿಸಿಬಿಟ್ಟಿದ್ದರಂತೆ. ಹಾಗಾಗಿ ಬ್ಯಾಗು ಬೇಡ, ಕಪ್ಪು ಬಟ್ಟೆ ಬೇಡ, ಕಪ್ಪು ಕೊಡೆ ಬೇಡ, ಗಾಜು ಬೇಡ, ಮುಖ್ಯವಾಗಿ ತೆಂಗಿನಕಾಯಿ ಬೇಡ. ಅರಸೀಕೆರೆಯವರಿಗೆ ತೆಂಗಿನಕಾಯಿ ತರಬೇಡಿ ಅಂದದ್ದನ್ನು ನಾನು ಅಲ್ಲೇ ಮೊದಲು ಕೇಳಿದ್ದು. ಕರಿಮಣಿಯೂ ಕಪ್ಪಲ್ಲವೇ ಎಂದು ಒಬ್ಬ ಟೀಚರು ಕೇಳಿದರು. ತರಬೇತಿ ಕೊಡುತ್ತಿದ್ದ ಪೊಲೀಸ್ ಸಾಹೇಬರು ಯೋಚಿಸಿ, ಅದೊಂದಕ್ಕೆ ವಿನಾಯಿತಿ ಎಂದರು.

ಬ್ಯಾಗು ಎಂದರೆ ಯಾವುದು ಎಂಬ ಪ್ರಶ್ನೆ ಬಂದಾಗ ತರಬೇತಿ ಊಟದ ಹೊತ್ತು ಮೀರಿ ನಡೆಯಿತು. ಸಂಚಿ ಬ್ಯಾಗೇ? ಗಂಟು ಬ್ಯಾಗೇ? ಕೊನೆಗೆ ಸಾಹೇಬರು ಮೇಜು ಕುಟ್ಟಿ, ಕೈಯಲ್ಲಿ ಹಿಡಿಯುವ, ಹೆಗಲಿಗೆ ಹಾಕುವ, ಕಂಕುಳಲ್ಲಿಟ್ಟುಕೊಳ್ಳುವ ಎಲ್ಲವೂ ಬ್ಯಾಗೇ ಎಂದು ವ್ಯಾಖ್ಯೆ ಬರೆಸಿದರು. ನಾನು ಅದನ್ನು ಶ್ರದ್ಧೆಯಿಂದ ಬರೆದುಕೊಂಡೆ. ಸಮಾಸ ಬಿಡಿಸುವ ಚಾಳಿಯವಳಿಗೆ ಆ ವಾಕ್ಯ ಬಹಳ ಹಿಡಿಸಿತ್ತು.

ಸಮಾವೇಶದ ದಿನ ಬೆಳಿಗ್ಗೆ ತೋಳಿಗೆ ‘ತಪಾಸಣೆ’ ಎಂಬ ಪಟ್ಟಿ ಕಟ್ಟಿಕೊಂಡು ಅರಸೀಕೆರೆ ಕಡೆಯವರ ಗೇಟಿನಲ್ಲಿ ನಿಂತೆ. ಬೇಲೂರು ಕಡೆಯವರಿಗೆ ಆಚೆ ಇನ್ನೊಂದು ಗೇಟು. ನಿಂತು ನಿಂತು ಬೇಸರವಾದಾಗ ನನ್ನ ತಲೆಗೆ ಬಂದದ್ದು ಬೇಲೂರಿನ ಶಿಲಾಬಾಲಿಕೆಯರು. ಅಷ್ಟು ಜನರಲ್ಲಿ ಒಬ್ಬಳ ಹೆಗಲಲ್ಲೂ ಚೀಲ ಇದ್ದಂತೆ ನೆನಪಿಲ್ಲ. ನಮ್ಮ ಗೇಟಿನಲ್ಲಿ ತಕರಾರಿಲ್ಲದೆ ಪಾಸಾಗುವವರು ಅವರೇ. ಕನ್ನಡಿ ಹಿಡಿದವಳ ಕನ್ನಡಿ ಮಾತ್ರ ಕಸಿದುಕೊಳ್ಳಬೇಕಾಗುತ್ತಿತ್ತು, ಗಾಜು ನಿಷೇಧವಿತ್ತಲ್ಲ.

ಕಲ್ಲಿನವರು ಬರಲಿಲ್ಲ, ನಮ್ಮೂರಿನವರು ಬಂದರು. ಒಬ್ಬೊಬ್ಬರ ಕೈಯಲ್ಲೂ ಚೀಲ. ಬೆಳಗಾಗೆದ್ದು ಬಸ್ಸು ಹತ್ತಿದವರು ಬುತ್ತಿ ತರದೆ ಇರುತ್ತಾರೆಯೇ? ಟೋಕನ್ನು ಕಟ್ಟಿ ಕಟ್ಟಿ ಚೀಲಗಳನ್ನು ಹಿಂದೆ ಎಸೆಯುತ್ತಿದ್ದೆ. ತೆಂಗಿನಕಾಯಿ ಸಿಕ್ಕರೆ ಅದನ್ನು ಪ್ರತ್ಯೇಕ ರಾಶಿಗೆ ಹಾಕುತ್ತಿದ್ದರು. ಯಾವುದೋ ಊರಿನ ದೇವರಿಗೆ ಹರಕೆ ಹೊತ್ತ ಕಾಯಿ, ತಂಗಿಗೆಂದು ತಂದ ಕಾಯಿ, ದಾರಿಯಲ್ಲಿ ಸುಮ್ಮನೆ ಕೈಗೆ ಸಿಕ್ಕ ಕಾಯಿ, ಎಲ್ಲ ಅಲ್ಲಿ ಆಯುಧಗಳಾಗಿ ಬಿದ್ದಿದ್ದವು.

ಸಾಲಿನಲ್ಲಿ ಅವ್ವ ಕಾಣಿಸಿದಳು. ಕೈಯಲ್ಲಿ ವೈರಿನ ಬ್ಯಾಗು. ಅದರ ತೂತಿನೊಳಗಿಂದ ಅಕ್ಕಿ ಗಂಟು, ಬೆಲ್ಲ, ಎಲೆಯಡಿಕೆ, ಹಸಿರು ರವಿಕೆ ಕಣ, ಜುಟ್ಟು ಬಿಟ್ಟ ಎರಡು ಕಾಯಿ, ತಂಬಿಟ್ಟಿನ ಡಬ್ಬಿ, ಎಲ್ಲ ನಿಚ್ಚಳವಾಗಿ ಕಾಣುತ್ತಿದ್ದವು. ಮಗಳೇ ಗೇಟಿನಲ್ಲಿದ್ದಾಳೆಂದು ಅವಳ ಮುಖದಲ್ಲಿ ನಿರಾಳ. ನನ್ನ ಬೆನ್ನ ಹಿಂದೆ ಇನ್ಸ್‌ಪೆಕ್ಟರು ಲಾಠಿ ಹಿಡಿದು ನಿಂತಿದ್ದರು.

ಬ್ಯಾಗು ಬಿಡುವಂತಿಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಆಗ್ಲಿ ಮೇಡಂ’ ಎಂದಳು. ಹುಟ್ಟಿದಂದಿನಿಂದ ‘ಏನ್ಲೇ’ ಎಂದು ಕರೆದವಳ ಬಾಯಲ್ಲಿ ಆ ಮೇಡಂ ಕೇಳಿ ನನಗೆ ಬೆವರು ಬಂತು. ಅವಳು ಸಾಲಿನಿಂದ ಪಕ್ಕಕ್ಕೆ ಸರಿದು, ಬೇಲಿಯ ಮಗ್ಗುಲಲ್ಲಿ ಕೂತು, ಸೆರಗು ಬಿಚ್ಚಿ ಹರಡಿದಳು. ಅಕ್ಕಿ, ಬೆಲ್ಲ, ಕಣ, ಎರಡು ಕಾಯಿ ಎಲ್ಲವನ್ನೂ ಅದಕ್ಕೆ ಸುರಿದುಕೊಂಡು, ಸೆರಗಿನ ತುದಿಯನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ ಎದ್ದಳು. ಬರಿದಾದ ವೈರ್ ಬ್ಯಾಗನ್ನು ತಂದು ನನ್ನ ಮುಂದಿಟ್ಟು, ಟೋಕನ್ನಿಗೆ ಕೈ ಚಾಚಿದಳು.

‘ಏನ್ರೀ ಮೇಡಂ ಅದು, ಹೊಟ್ಟೆ ಹತ್ರ?’ ಎಂದರು ಇನ್ಸ್‌ಪೆಕ್ಟರು.

‘ಮಡಿಲಕ್ಕಿ ಸರ್.’

‘ಕಾಯಿ ಐತೆ ಅದರೊಳಗೆ. ತೆಗಿಸಿ.’

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗೆ ಹೆದರಿಕೆಯಾಗಿತ್ತು, ಸುಳ್ಳೇಕೆ. ಆದರೂ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

‘ತುಂಬಿದ ಮಡಿಲು ಸರ್. ಬರಿದು ಮಾಡಕ್ಕೆ ನಾನು ಕೈ ಹಾಕಲ್ಲ. ನೀವೇ ತೆಗೀರಿ.’

ಶಾಸ್ತ್ರ ಬಲ್ಲವರು ನನ್ನ ಮಾತಿನಲ್ಲಿ ತೂತು ಹುಡುಕಿಯಾರು. ಮಡಿಲು ತುಂಬಬೇಕಾದದ್ದು ಅಕ್ಕನದು, ಅವ್ವನದಲ್ಲ. ಇನ್ನೂ ಯಾರೂ ಅರಿಸಿನ ಕುಂಕುಮ ಇಟ್ಟಿರಲೂ ಇಲ್ಲ. ಅಷ್ಟೆಲ್ಲ ಯೋಚಿಸುವ ಪುರಸೊತ್ತು ಇನ್ಸ್‌ಪೆಕ್ಟರಿಗಿರಲಿಲ್ಲ. ಅವರು ಲಾಠಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಇವರು ನಿಮಗೇನಾಗಬೇಕು ಎಂದು ಕೇಳಿದರು.

‘ಸಾರ್ವಜನಿಕರು ಸರ್’ ಎಂದೆ.

ಅವ್ವ ಆ ಮಾತನ್ನು ಇವತ್ತಿಗೂ ಮರೆತಿಲ್ಲ. ಊಟಕ್ಕೆ ಕರೆದರೆ, ‘ನಾವು ಸಾರ್ವಜನಿಕರವ್ವ, ಸಾಲಿನಲ್ಲಿ ಬತ್ತೀವಿ’ ಎನ್ನುತ್ತಾಳೆ. ಅವತ್ತು ಮಾತ್ರ ಅವಳು ಸೊಂಟದ ಸೆರಗನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ಇನ್ಸ್‌ಪೆಕ್ಟರು ಜೇಬಿನಿಂದ ಚೀಟಿ ತೆಗೆದು ವ್ಯಾಖ್ಯೆಯನ್ನು ಓದಿಕೊಂಡರು. ಕೈ, ಹೆಗಲು, ಕಂಕುಳು. ಚೀಟಿ ಮಡಿಚಿದರು. ‘ಮಡಿಲು ಬ್ಯಾಗಲ್ಲ. ಬಿಡಿ’ ಎಂದು ಅತ್ತ ತಿರುಗಿ ಯಾರಿಗೋ ಜೋರು ಮಾಡತೊಡಗಿದರು.

ಆ ತೀರ್ಪು ಸಾಲಿನ ಕೊನೆ ಮುಟ್ಟಲು ಎಷ್ಟು ಹೊತ್ತು ಬೇಕು? ಪೊಲೀಸರು ಚಾಪೆ ಕೆಳಗೆ ತೂರಿದರೆ ನಮ್ಮ ಹೆಂಗಸರು ರಂಗೋಲಿ ಕೆಳಗೆ ತೂರುವವರು. ಬೇಲಿಯ ಉದ್ದಕ್ಕೂ ಕೂತು ಚೀಲಗಳನ್ನೆಲ್ಲ ಸೆರಗಿಗೆ ಸುರಿದುಕೊಂಡರು. ಮಂಡಕ್ಕಿ, ಬಾಳೆಹಣ್ಣು, ನೀರಿನ ಕ್ಯಾನು, ಮೂರಂತಸ್ತಿನ ಟಿಫಿನ್ ಕ್ಯಾರಿಯರು, ಎಲ್ಲವೂ ಮಡಿಲೇ. ಆಮೇಲೆ ಬಂದವರೆಲ್ಲ ತುಂಬು ಬಸುರಿಯರ ಹಾಗೆ ಸೊಂಟಕ್ಕೆ ಕೈಕೊಟ್ಟು ನಡೆದುಬಂದರು. ಹಲ್ಲಿಲ್ಲದ ಅಜ್ಜಿಯೊಬ್ಬಳು ‘ನಂದೂ ಮಡಿಲೇ ಕಣವ್ವ’ ಎಂದು ನನ್ನ ಗಲ್ಲ ತಟ್ಟಿ ಹೋದಳು. ಒಂದು ಮಡಿಲಂತೂ ಅಳತೊಡಗಿತು. ಸೆರಗು ಸರಿಸಿ ನೋಡಿದರೆ ನಿಜವಾಗಿಯೂ ಕೂಸು.

ಮಂತ್ರಿಗಳು ಬಂದರು. ಬರುವ ಮೊದಲು ಅವರ ಹಿಂಬಾಲಕರು ಬಂದು ನಮ್ಮ ಗೇಟಿನ, ಆಚೆ ಗೇಟಿನ ಕಾಯಿ ರಾಶಿಗಳೆರಡನ್ನೂ ಒಂದು ದೊಡ್ಡ ಗೋಣಿಚೀಲಕ್ಕೆ ತುಂಬಿಕೊಂಡರು. ಚೀಲವನ್ನು ಇಬ್ಬರು ದರದರನೆ ಎಳೆದುಕೊಂಡು ನಮ್ಮೆದುರಿಗೇ ಒಳಗೆ ಹೋದರು. ಯಾರೂ ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ, ಅದು ಕೈಯದಲ್ಲ, ಹೆಗಲಿನದಲ್ಲ, ಕಂಕುಳಿನದೂ ಅಲ್ಲ. ಕಾರು ನಿಲ್ಲುತ್ತಿದ್ದಂತೆ ಒಂದೊಂದೇ ಕಾಯಿ ತೆಗೆದು ಮಂತ್ರಿಗಳಿಗೆ ನಿವಾಳಿಸಿ ಕಾರಿನ ಮುಂದೆ ಈಡುಗಾಯಿ ಒಡೆದರು. ಯಾವ ಕಾಯಿಗೆ ಹೆದರಿ ಇಷ್ಟೆಲ್ಲ ಬಂದೋಬಸ್ತು ಮಾಡಿದ್ದರೋ ಅದೇ ಕಾಯಿಯ ಚೂರು ಹಾರಿ ಸ್ವಾಗತ ಸಮಿತಿಯವರೊಬ್ಬರ ಹಣೆಗೆ ಬಡಿಯಿತು. ನಗಬಾರದು, ನಕ್ಕೆ.

ಗೇಟು ಮುಚ್ಚಿದ ಮೇಲೆ ನಾನೂ ಒಳಗೆ ನುಸುಳಿದೆ. ಭಾಷಣ ಮಿತ ಸಂತಾನದ ಮೇಲೆ. ಬರೆದು ತಂದದ್ದನ್ನು ಓದುತ್ತಿದ್ದ ಮಂತ್ರಿಗಳು ಮಧ್ಯೆ ತಲೆಯೆತ್ತಿ ನೋಡಿದರು. ಎದುರಿಗೆ ಅರಸೀಕೆರೆ ತಾಲ್ಲೂಕಿನ ಹೆಂಗಸರು ಸಾಲುಸಾಲಾಗಿ, ಮುದುಕಿಯರೂ ಸೇರಿದಂತೆ, ಉಬ್ಬಿದ ಮಡಿಲ ಮೇಲೆ ಕೈಯಿಟ್ಟು ಕೂತಿದ್ದರು. ಮಂತ್ರಿಗಳು ಕಾಗದವನ್ನು ಕೆಳಗಿಟ್ಟರು. ಪಕ್ಕದ ಅಧಿಕಾರಿಯ ಕಿವಿಯಲ್ಲಿ ಏನೋ ಕೇಳಿದರು. ಆಮೇಲೆ, ಈ ಭಾಗದಲ್ಲಿ ಇಲಾಖೆಯವರು ಇನ್ನೂ ಬಹಳ ಕೆಲಸ ಮಾಡಬೇಕಾಗಿದೆ ಎಂದು ಕಾಗದದಲ್ಲಿಲ್ಲದ ಒಂದು ಮಾತು ಸೇರಿಸಿದರು.

ಎರಡು ತಾಲ್ಲೂಕಿನವರ ನಡುವೆ ಅಡ್ಡಕ್ಕೆ ಬಿದಿರಿನ ಗಳು ಕಟ್ಟಿದ್ದರು. ಆಚೆ ಕಡೆ ಅಕ್ಕ ಕೂತಿದ್ದಳು, ಸೊರಗಿದ್ದಳು, ಹೊಟ್ಟೆ ಮಾತ್ರ ಎದ್ದು ಕಾಣುತ್ತಿತ್ತು. ಅವ್ವ ಗಳುವಿನ ಹತ್ತಿರ ಹೋಗಿ ಅವಳನ್ನು ಎಬ್ಬಿಸಿ ನಿಲ್ಲಿಸಿದಳು. ಕುಂಕುಮವಿಟ್ಟು, ಅದೇ ಗಳುವಿನ ಮೇಲಿಂದ ತನ್ನ ಮಡಿಲನ್ನು ಮಗಳ ಮಡಿಲಿಗೆ ಬಗ್ಗಿಸಿದಳು. ಮಣೆಯಿಲ್ಲ, ಹಾಡಿಲ್ಲ, ಮೈಕಿನಲ್ಲಿ ಮಿತ ಸಂತಾನ. ಅಕ್ಕ ಅಳುತ್ತಿದ್ದಳು. ಅಕ್ಕನ ಅತ್ತೆ ಪಕ್ಕದಲ್ಲೇ ಇದ್ದರು. ಒಮ್ಮೆ ತಿರುಗಿ ನೋಡಿ ಮತ್ತೆ ವೇದಿಕೆಯತ್ತ ಮುಖ ಮಾಡಿದರು. ಆ ಬಯಲಿನಲ್ಲಿ ಮಂತ್ರಿಗಳ ಭಾಷಣವನ್ನು ಕಣ್ಣು ಮಿಟುಕಿಸದೆ ಕೇಳಿದವರು ಅವರೊಬ್ಬರೇ.

ಅವ್ವ ಬರಿ ಸೆರಗಿನಲ್ಲಿ ವಾಪಸು ಬಂದಳು. ಹೆರಿಗೆಗೆ ಕಳಿಸಿ ಎಂದು ಕೇಳಿದೆಯಾ ಎಂದೆ. ‘ಕೇಳ್ದೆ. ಅವರು ಭಾಷಣ ಕೇಳ್ತಿದ್ರು’ ಎಂದಳು. ಅವಳ ಮುಖ ನೋಡಲಾರದೆ ಚೀಲ ಹಂಚಲು ಹೋದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೊಲೀಸರೇ ವರ ಕೊಟ್ಟರೂ ಬೀಗಿತ್ತಿ ಕೊಡಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಸಭೆ ಮುಗಿದ ಮೇಲೆ ಎರಡೂ ಗೇಟಿನ ಚೀಲಗಳನ್ನು ಒಂದೇ ಕಡೆ ಗುಡ್ಡೆ ಹಾಕಿದ್ದರು. ಅಕ್ಕನ ಅತ್ತೆ ಅಕ್ಕನನ್ನು ಹಿಂದಿಟ್ಟುಕೊಂಡು ಬಂದು ಟೋಕನ್ನು ಕೊಟ್ಟರು. ಮುಖ ಬಿಗಿದುಕೊಂಡೇ ಅವರ ರೆಕ್ಸಿನ್ ಬ್ಯಾಗು ಹುಡುಕಿ ಕೊಟ್ಟೆ. ಅವರು ಅಲ್ಲೇ ಜಿಪ್ಪು ಎಳೆದು ಕೈಹಾಕಿದರು. ಒಂದು ರವಿಕೆ ಕಣ, ಬಾಡಿದ ವೀಳ್ಯದೆಲೆ ಬಂತು. ಮತ್ತೆ ತಳದವರೆಗೆ ಕೈಯಾಡಿಸಿದರು.

‘ಇದ್ರಾಗೆ ಅರಿಸಿನ ಹಚ್ಚಿದ ಕಾಯಿ ಇತ್ತಲ್ಲವ್ವ?’

ಕಾರಿನ ಮುಂದೆ ಒಡೆದರು ಎಂದೆ. ಅವರು ಜಿಪ್ಪು ಎಳೆದು ಬ್ಯಾಗನ್ನು ತಬ್ಬಿಕೊಂಡರು. ಅಷ್ಟರಲ್ಲಿ ಅವ್ವನೂ ವೈರ್ ಬ್ಯಾಗಿಗೆ ಬಂದಿದ್ದಳು. ಅತ್ತೆ ಅವಳತ್ತ ತಿರುಗಿದರು.

‘ನಮ್ಮಣ್ಣನ ಕಣ್ಣು ತಪ್ಸಿ ತಂದಿದ್ದೆ ಬೀಗಿತ್ತಿ. ನಿಮ್ಮ ಕೈಗೆ ಕಾಯಿ ಕೊಟ್ಟು, ಮಗಳನ್ನ ಕರ್ಕೊಂಡೋಗಿ ಅನ್ನನಾ ಅಂತ. ಗೇಟಲ್ಲೇ ಬ್ಯಾಗು ಕಸ್ಕೊಂಡ್ರು. ನೀವು ಮಡಿಲು ತುಂಬ ತಂದ್ರಿ, ನಾನು ಬರಿಗೈಲಿ ಹೆಂಗೆ ಮಾತಾಡ್ಲಿ?’

ಎರಡು ಗಂಟೆ ಭಾಷಣ ಕೇಳಿದ್ದರ ಗುಟ್ಟು ಇದು. ಬರಿಗೈಯಲ್ಲಿ ಹೋಗಬಾರದೆಂಬ ಸಂವಿಧಾನ ಗೆಂಡೆಹಳ್ಳಿಯಲ್ಲೂ ಜಾರಿಯಲ್ಲಿತ್ತು. ಅವ್ವ ಏನೋ ಹೇಳಹೋಗಿ ಅತ್ತುಬಿಟ್ಟಳು. ನಾನೂ ತೋಳಿನ ತಪಾಸಣೆ ಪಟ್ಟಿಯಲ್ಲೇ ಕಣ್ಣೊರೆಸಿಕೊಂಡೆ. ಅತ್ತೆ ಅಕ್ಕನ ಕೈ ಹಿಡಿದು ತಂದು ಅವ್ವನ ಕೈಯಲ್ಲಿಟ್ಟರು.

‘ಕಾಯಿ ಇಲ್ಲ. ಇವಳನ್ನೇ ತಕ್ಕಳಿ.’

ಅಕ್ಕ ಗಾಬರಿಯಾದಳು. ಒಂದು ಕೈಯಲ್ಲಿ ತುಂಬಿದ ಮಡಿಲನ್ನು ಒತ್ತಿ ಹಿಡಿದುಕೊಂಡೇ, ‘ಅತ್ತೆ, ನನ್ನ ಬಟ್ಟೆ ಬ್ಯಾಗು ಊರಲ್ಲೇ ಐತೆ’ ಎಂದಳು.

‘ಬ್ಯಾಗು ತರಂಗಿಲ್ಲ ಅಂತ ಮೈಕಲ್ಲಿ ಕೂಗ್ಲಿಲ್ವಾ? ನಡಿ’ ಎಂದರು ಅತ್ತೆ.

ಆ ಸಮಾವೇಶದ ನಿಯಮವನ್ನು ಅಕ್ಷರಶಃ ಪಾಲಿಸಿದವಳು ನಮ್ಮಕ್ಕ ಒಬ್ಬಳೇ. ಹಾರನಹಳ್ಳಿಯ ಬಸ್ಸಿನಲ್ಲಿ ಬ್ಯಾಗಿಲ್ಲದೆ, ಬರಿ ಮಡಿಲಿನೊಡನೆ ಹೆರಿಗೆಗೆ ಬಂದಳು. ಅಂದು ಅವಳ ಜೊತೆ ತಪಾಸಣೆಯಿಲ್ಲದೆ ಗೇಟು ದಾಟಿದವಳೇ ಈಗ ಪಾಸು ಹಿಡಿದು ಪಾರದರ್ಶಕ ಅಂದರೇನು ಎನ್ನುತ್ತಿರುವುದು. ನಾನು ಸೂಚನೆಗಳನ್ನು ಓದಿ ಹೇಳುತ್ತಿರುವಾಗಲೇ ಅವ್ವ ವೈರ್ ಬ್ಯಾಗನ್ನು ಮೊಳೆಯಿಂದ ಇಳಿಸಿ ಧೂಳು ಕೊಡವಿದಳು. ಕುಣಿಯುವ ಮಗುವನ್ನು ನೋಡಲು ಬರಿಗೈಯಲ್ಲಿ ಹೋಗುವುದಕ್ಕಾಗುತ್ತದೆಯೇ ಎನ್ನುತ್ತ ತಂಬಿಟ್ಟಿನ ಡಬ್ಬಿ ಹುಡುಕಲು ಹೋದಳು. ನಾನು ಬೇಡವೆನ್ನಲಿಲ್ಲ. ಗೇಟಿನಲ್ಲಿ ಕಸಿದುಕೊಂಡರೆ ಕಸಿದುಕೊಳ್ಳಲಿ, ಅವಳು ಉಟ್ಟಿರುವ ಸೀರೆಗೆ ಸೆರಗು ಉದ್ದವಾಗಿದೆ.